ಮಸಿ ತಾಗದ ಹಕ್ಕಿಗಳು

ಚಿತ್ರಕಲೆಯ ವಿಚಾರವನ್ನು ಬಾನುಲಿಯಲ್ಲಿ ಮಾತನಾಡುವುದೆಂದರೆ ಊಟದ ರುಚಿಯನ್ನು ಕಾಗದ ಬರೆದು ತಿಳಿಸಿದ ಹಾಗೆ. ತೋರಿಸಬೇಕಾದುದನ್ನು ಹೇಳಬೇಕು, ಕೇಳುವವರು ಅದನ್ನು ತಮ್ಮ ಮನಸ್ಸಿನಲ್ಲಿ ತಾವೇ ಕಟ್ಟಿಕೊಳ್ಳಬೇಕು. ಆದರೆ ಇಂದು ನಾನು ಆರಿಸಿಕೊಂಡಿರುವ ಚಿತ್ರಗಳ ಹಿನ್ನೆಲೆ ಪೂರ್ತಿ ಕಪ್ಪು. ಕಣ್ಣು ಮುಚ್ಚಿಕೊಂಡು ಕೇಳುವವರಿಗೆ ಅರ್ಧ ಚಿತ್ರ ಆಗಲೇ ಸಿದ್ಧವಾಗಿರುತ್ತದೆ ಎಂಬ ಧೈರ್ಯದಿಂದ ಈ ಮಾತಿಗೆ ತೊಡಗಿದ್ದೇನೆ.

ಮೊದಲು ಒಂದು ಹಳೆಯ ನೆನಪು. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲ. ನಮ್ಮೂರ ಕೆರೆಯ ಏರಿಯ ಬಳಿ ಒಂದು ಶಾಸನದ ಕಲ್ಲು ವಾಲಿಕೊಂಡು ನಿಂತಿತ್ತು. ಎಮ್ಮೆಗಳು ಅದಕ್ಕೆ ಮೈ ತಿಕ್ಕಿಕೊಳ್ಳುತ್ತಿದ್ದುವು. ಅದರ ಮೇಲೆ ಬರೆದಿರುವುದೇನೆಂದು ಯಾರೂ ಕೇಳಿದವರಿಲ್ಲ. ಒಂದು ದಿನ ಧೋತರ ಉಟ್ಟ, ಚಾಳೀಸಿನ ಒಬ್ಬ ಹಿರಿಯರು ಬಂದು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಕಲ್ಲನ್ನು ತೊಳೆದರು; ಒದ್ದೆ ಮಾಡಿದ ದೊಡ್ಡ ಹಾಳೆಯೊಂದನ್ನು ಅದರ ಮೈಗೆ ಹೊದಿಸಿದರು; ಆಮೇಲೆ ಒರಟು ಕೂದಲಿನ ಬ್ರಷ್ಷಿನಿಂದ ಕಾಗದವನ್ನು ಪಟಪಟನೆ ಹೊಡೆಯತೊಡಗಿದರು. ಕಾಗದ ಹರಿಯಲಿಲ್ಲ. ಕಲ್ಲಿನ ಅಕ್ಷರಗಳ ತಗ್ಗಿನೊಳಕ್ಕೆ ಅದು ಇಳಿದು ಕೂತಿತು. ಸ್ವಲ್ಪ ಆರಿದ ಮೇಲೆ ಬಟ್ಟೆ ಸುತ್ತಿದ ಉಂಡೆಗೆ ಮಸಿ ಹಚ್ಚಿ ಮೃದುವಾಗಿ ತಟ್ಟಿದರು. ಉಂಡೆಯನ್ನು ನನ್ನ ಕೈಗೂ ಒಂದು ಗಳಿಗೆ ಕೊಟ್ಟರು. ‘ಒತ್ತಬೇಡ ಮಗು, ಮಸಿ ಅಕ್ಷರಕ್ಕೆ ತಾಗಬಾರದು’ ಎಂದರು. ಓದಬೇಕಾದ ಅಕ್ಷರಕ್ಕೇ ಮಸಿ ತಾಗಬಾರದೆ! ನನಗೆ ಅದು ವಿಚಿತ್ರವಾಗಿ ಕಂಡಿತು. ಕಾಗದವನ್ನು ಸುಲಿದು ಎತ್ತಿ ಹಿಡಿದಾಗ ಕಪ್ಪು ಆಕಾಶದಲ್ಲಿ ಹೊಳೆದ ಹಾಗೆ ಬಿಳಿಯ ಅಕ್ಷರಗಳು ಕಂಡುವು. ಬಿ. ಎಲ್. ರೈಸ್ ೧೮೮೬ರಿಂದ ಹೊರತರತೊಡಗಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳ ಹಿಂದೆ ಇರುವುದು ಇಂಥ ಕೈಗಳ ದುಡಿಮೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಆ ದಿನವನ್ನು ಮರೆತೇಬಿಟ್ಟಿದ್ದೆ. ಮತ್ತೆ ಅದು ಎದ್ದು ಬಂದದ್ದು, ಚಿತ್ರಕಲೆಯ ಪಾಠ ಹೇಳುತ್ತಿದ್ದ ಗೆಳೆಯರೊಬ್ಬರ ಮನೆಯ ಗೋಡೆಯ ಮೇಲೆ ಒಂದು ಜಪಾನೀ ಚಿತ್ರವನ್ನು ಕಂಡಾಗ. ಕಪ್ಪು ನೆಲ, ಅದರ ನಡುವೆ ಜುಟ್ಟಿನ ಬಿಳಿಯ ಗಿಳಿ, ಕಾಕಟೂ ಎನ್ನುತ್ತಾರಲ್ಲ, ಅದು. ಆ ಬಿಳುಪು ಬಣ್ಣದ ಬಿಳುಪಲ್ಲ. ಯಾರೋ ಹಚ್ಚಿದ್ದಲ್ಲ; ಹಚ್ಚದೆ ಬಿಟ್ಟದ್ದು. ನನ್ನ ಕಣ್ಣಿಗಿಂತ ಮೊದಲು ಕೈಗೆ ಗುರುತು ಸಿಕ್ಕಿತೆಂದರೆ ಅತಿಶಯವಲ್ಲ. ‘ಇದು ಶಾಸನದ ಪಡಿಯಚ್ಚಿನ ಹಾಗಿದೆಯಲ್ಲ?’ ಎಂದೆ. ‘ಹಾಗಿದೆ, ಅಷ್ಟೆ’ ಎಂದು ಗೆಳೆಯರು ನಕ್ಕರು. ಆ ‘ಅಷ್ಟೆ’ ಎಂಬ ಮಾತಿನ ಬೆನ್ನು ಹತ್ತಿ ತಿಳಿದುಕೊಂಡದ್ದನ್ನೇ ಈಗ ನಿಮಗೆ ಹೇಳುತ್ತಿರುವುದು.

ಕಲ್ಲಿನಿಂದ ಕಾಗದಕ್ಕೆ ಅಚ್ಚು ತೆಗೆಯುವ ವಿದ್ಯೆಯ ತವರು ಚೀನ. ಕಾಗದದ ತವರೂ ಅದೇ ತಾನೆ? ಕ್ರಿ. ಶ. ೧೭೫ರಲ್ಲಿ ಹಾನ್ ಅರಸರು ತಮ್ಮ ರಾಜಧಾನಿ ಲುವೊಯಾಂಗಿನಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ಶಾಸ್ತ್ರಗ್ರಂಥಗಳ ಶುದ್ಧಪಾಠವನ್ನು ಕಲ್ಲಿನಲ್ಲಿ ಕೊರೆಯಿಸಲು ಆರಂಭಿಸಿದರು. ೧೮೩ರಲ್ಲಿ ಕೆಲಸ ಮುಗಿಯಿತು. ಅವನ್ನು ನೋಡಿ ಬರೆದುಕೊಳ್ಳಲು ಬಂದವರ ಗಾಡಿಗಳಿಂದ ಬೀದಿಗಳೇ ಕಟ್ಟಿಕೊಂಡುವಂತೆ. ಬರೆದುಕೊಳ್ಳುವಾಗ ತಪ್ಪಬಹುದು; ಒದ್ದೆ ಕಾಗದ ತಪ್ಪುವುದಿಲ್ಲ. ಮುಂದಿನ ಶತಮಾನಗಳಲ್ಲಿ ಪಡಿಯಚ್ಚು ಬಳಕೆಗೆ ಬಂತು. ಏಳನೆಯ ಶತಮಾನದ ಟಾಂಗ್ ಚಕ್ರವರ್ತಿಯೊಬ್ಬನ ಕೈಬರಹವನ್ನು ಕಲ್ಲಿನಿಂದ ತೆಗೆದ ಅಚ್ಚೊಂದು ಡುನ್‌ಹುವಾಂಗಿನ ಗುಹೆಯಲ್ಲಿ ಸಿಕ್ಕಿ ಇಂದಿಗೂ ಉಳಿದಿದೆ. ಚೀನೀಯರಿಗೆ ಕೈಬರಹವೆಂದರೆ ಬರಿಯ ಬರಹವಲ್ಲ, ಬರೆದವನ ಉಸಿರು. ಸತ್ತ ಮಹನೀಯನ ಕುಂಚದ ಓಟವನ್ನು ಸಾವಿರ ಜನ ತಮ್ಮ ಮೇಜಿನ ಮೇಲೆ ಇಟ್ಟುಕೊಂಡು ಕಲಿಯುವಂತೆ ಮಾಡಿದ್ದು ಈ ಕಪ್ಪು ಹಾಳೆಗಳು.

ಇಲ್ಲಿ ಒಂದು ತಿರುವಿದೆ. ಕಲ್ಲು ಭಾರ, ಕಲ್ಲಿನ ಕೆಲಸ ನಿಧಾನ. ೯೯೨ರಲ್ಲಿ ಸೊಂಗ್ ಚಕ್ರವರ್ತಿಯ ಅಪ್ಪಣೆಯಂತೆ ಹಳೆಯ ಕೈಬರಹಗಳ ದೊಡ್ಡ ಸಂಗ್ರಹವೊಂದು ಸಿದ್ಧವಾದಾಗ ಅಕ್ಷರಗಳನ್ನು ಕೊರೆದದ್ದು ಮರದ ಹಲಗೆಗಳ ಮೇಲೆ. ಅಚ್ಚು ತೆಗೆದದ್ದು ಮಾತ್ರ ಕಲ್ಲಿನಿಂದ ತೆಗೆಯುವ ಕ್ರಮದಲ್ಲೇ. ಹೀಗೆ ಮರ ಕಲ್ಲಿನ ವೇಷ ಹಾಕಿಕೊಂಡದ್ದು ಹೊಸತೇನಲ್ಲ. ಜಪಾನಿನ ನಮ್ಮ ಹಕ್ಕಿಗಳು ಹುಟ್ಟುವುದಕ್ಕೆ ಎಂಟು ಶತಮಾನ ಮೊದಲೇ ಅದು ನಡೆದಿತ್ತು.

ಸಾಮಾನ್ಯವಾದ ಮರದ ಅಚ್ಚಿಗೂ ಇದಕ್ಕೂ ಇರುವ ಭೇದವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಜಪಾನೀ ಚಿತ್ರವೆಂದರೆ ನಮಗೆ ನೆನಪಾಗುವ ಹೊಕುಸಾಯಿಯ ಅಲೆ, ಹಿರೊಶಿಗೆಯ ಮಳೆ, ಇವೆಲ್ಲ ಸಾಮಾನ್ಯ ಅಚ್ಚಿನವು. ಅಲ್ಲಿ ಗೆರೆ ಉಬ್ಬಾಗಿರುತ್ತದೆ, ಉಳಿದ ಮರವನ್ನು ಕೆತ್ತಿ ತೆಗೆದಿರುತ್ತಾರೆ. ಹಲಗೆಗೆ ಮಸಿ ಬಳಿದು, ಕಾಗದವನ್ನು ಮೇಲೆ ಮಗುಚಿ ಹಾಕಿ, ಬಿದಿರಿನ ಪೊರೆ ಹೊದಿಸಿದ ಬಾರೆನ್ ಎಂಬ ದುಂಡು ತಟ್ಟೆಯಿಂದ ಬೆನ್ನನ್ನು ಉಜ್ಜುತ್ತಾರೆ. ಚಿತ್ರ ಎಡಬಲ ಅದಲುಬದಲಾಗುವುದರಿಂದ ಹಲಗೆಯಲ್ಲಿ ಅದನ್ನು ಹಿಂದುಮುಂದಾಗಿ ಕೊರೆಯಬೇಕು. ಪಡಿಯಚ್ಚಿನಲ್ಲಿ ಇದೆಲ್ಲ ತಿರುಗಾಮುರುಗ. ಗೆರೆ ತಗ್ಗಿನಲ್ಲಿರುತ್ತದೆ. ಹಲಗೆಗೆ ಮಸಿಯೇ ಇಲ್ಲ. ಒದ್ದೆ ಕಾಗದವನ್ನು ಹಲಗೆಯ ಮೇಲೆ ಹಾಸಿ ತಗ್ಗಿಗೆ ಇಳಿಸಿ, ಕಾಗದದ ಮುಖದ ಮೇಲೆಯೇ ಮಸಿಯ ಉಂಡೆಯಿಂದ ತಟ್ಟುತ್ತಾರೆ. ಕೊರೆದದ್ದು ಹೇಗೋ ಹಾಗೆಯೇ ಕಾಣುತ್ತದೆ, ಎಡ ಎಡವಾಗಿಯೇ ಇರುತ್ತದೆ. ಮಸಿಯ ಉಂಡೆಯನ್ನು ಒಮ್ಮೆ ತಟ್ಟಿದರೆ ಬೂದಿಬಣ್ಣ, ಹತ್ತು ಸಲ ತಟ್ಟಿದರೆ ಕಾಡಿಗೆ. ಈ ನಡುವಣ ಮೆಟ್ಟಿಲುಗಳೆಲ್ಲ ಕುಶಲಿಯ ಕೈಯಲ್ಲಿರುತ್ತವೆ.

ಇದರಲ್ಲಿ ಎರಡು ಜಾತಿ ಎಂಬುದನ್ನೂ ಗಮನದಲ್ಲಿಡಬೇಕು. ಎದೊ ನಗರದಲ್ಲಿ, ಎಂದರೆ ಇಂದಿನ ತೋಕಿಯೊದಲ್ಲಿ, ಒಕುಮುರ ಮಸನೊಬುವಿನಂಥ ಚಿತ್ರಗಾರರು ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿಯೇ ಕಪ್ಪು ನೆಲದಲ್ಲಿ ಬಿಳಿ ಗೆರೆಯ ಚಿತ್ರಗಳನ್ನು ಮಾರಿದರು. ಅವಕ್ಕೆ ‘ಇಶಿಜುರಿ-ಎ’, ಕಲ್ಲಚ್ಚಿನ ಚಿತ್ರ, ಎಂದು ಹೆಸರು. ಹೆಸರು ಕಲ್ಲಚ್ಚಾದರೂ ಅದು ತೋರಿಕೆ ಮಾತ್ರ. ಕಪ್ಪಾಗಬೇಕಾದ ನೆಲವನ್ನು ಉಬ್ಬಾಗಿ ಉಳಿಸಿ, ಗೆರೆಯನ್ನು ತೋಡಿ, ಮಾಮೂಲು ಅಚ್ಚಿನ ಹಾಗೆಯೇ ಬೆನ್ನುಜ್ಜಿ ತೆಗೆದವು. ಪಟ್ಟಣದ ವರ್ತಕನಿಗೆ ಚೀನೀ ಪಂಡಿತನ ಕೋಣೆಯ ಗಾಂಭೀರ್ಯ ಅಗ್ಗದ ಬೆಲೆಗೆ ಸಿಕ್ಕಿದ ಹಾಗಾಯಿತು. ಹಿರೊಶಿಗೆಯ ಕಾಲದವರೆಗೂ ಹೂವು-ಹಕ್ಕಿಗಳ ಚಿತ್ರಗಳಲ್ಲಿ ಈ ಶೋಕಿ ಮುಂದುವರಿಯಿತು. ಅವುಗಳಲ್ಲಿ ಚೆಲುವಾದವು ಇಲ್ಲವೆಂದಲ್ಲ. ಆದರೆ ನಿಜವಾಗಿ ಒದ್ದೆ ಕಾಗದವನ್ನು ಹಲಗೆಯ ತಗ್ಗಿಗೆ ಇಳಿಸಿ, ಪಡಿಯಚ್ಚಿನ ವಿದ್ಯೆಯನ್ನೇ ಚಿತ್ರಕ್ಕೆ ತಂದು, ಅದರಿಂದ ಕಲ್ಲು ಎಂದೂ ಹೇಳದಿದ್ದ ಮಾತನ್ನು ಹೇಳಿಸಿದವನು ಕ್ಯೋತೊ ನಗರದ ಒಬ್ಬ ತರಕಾರಿ ಮಂಡಿಯ ಮಾಲಿಕ. ಹೆಸರು ಇತೋ ಜಾಕುಚು.

ಕ್ಯೋತೊದ ನಿಶಿಕಿ ಬೀದಿಯಲ್ಲಿ ೧೭೧೬ರಲ್ಲಿ ಅವನು ಹುಟ್ಟಿದ. ನಿಶಿಕಿ ಎಂದರೆ ಜರತಾರಿ. ಆ ಬೀದಿಗೆ ಹಿಂದೆ ಬಾಯಲ್ಲಿ ಹೇಳಲಾಗದ ಹೊಲಸು ಹೆಸರೊಂದಿತ್ತಂತೆ. ೧೦೫೪ರಲ್ಲಿ ಚಕ್ರವರ್ತಿಯ ಅಪ್ಪಣೆಯಿಂದ ಅದು ಜರತಾರಿ ಬೀದಿಯಾಯಿತು ಎನ್ನುತ್ತಾರೆ. ಇಂದಿಗೂ ಅದು ಮೀನು, ಉಪ್ಪಿನಕಾಯಿ, ಕಾಯಿಪಲ್ಯಗಳ ಮಾರುಕಟ್ಟೆಯೇ. ಜಾಕುಚುವಿನ ತಂದೆ ಅಲ್ಲಿ ಸಗಟು ತರಕಾರಿಯ ದೊಡ್ಡ ವ್ಯಾಪಾರಿ. ತಂದೆ ತೀರಿಕೊಂಡಾಗ ಇವನಿಗೆ ಇಪ್ಪತ್ತಮೂರು. ಹಿರಿಯ ಮಗನಾದುದರಿಂದ ಗಲ್ಲಾಪೆಟ್ಟಿಗೆಯ ಮುಂದೆ ಕೂರಲೇಬೇಕಾಯಿತು. ಸುಮಾರು ಹದಿನೇಳು ವರ್ಷ ಕೂತ. ೧೭೫೫ರಲ್ಲಿ, ನಲವತ್ತರ ಹೊಸ್ತಿಲಲ್ಲಿ, ಮಂಡಿಯನ್ನು ತಮ್ಮನಿಗೆ ಒಪ್ಪಿಸಿ ಕುಂಚ ಹಿಡಿದ. ಮದುವೆಯಾಗಲಿಲ್ಲ.

ಅವನ ವಿಚಾರ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಶೋಕೊಕುಜಿ ಎಂಬ ಜೆನ್ ಮಠದ ಸಂನ್ಯಾಸಿ ದೈತೆನ್ ಬರೆದಿಟ್ಟದ್ದು. ದೈತೆನ್ ಚೀನೀ ಸಾಹಿತ್ಯದಲ್ಲಿ ಆಳವಾದ ಪಾಂಡಿತ್ಯವಿದ್ದವನು, ಜಾಕುಚುವಿಗಿಂತ ಮೂರು ವರ್ಷ ಚಿಕ್ಕವನು, ಅವನ ಗೆಳೆಯ. ಅವನು ಹೇಳುವ ಪ್ರಕಾರ ಜಾಕುಚುವಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಅಕ್ಷರ ಚೆನ್ನಾಗಿಲ್ಲ, ಹಾಡು, ಆಟ, ನೋಟಗಳ ಗೋಜಿಲ್ಲ. ಚಿತ್ರ ಬರೆಯುವುದೊಂದೇ. ಮೊದಲು ಕಾನೊ ಎಂಬ ಸಂಪ್ರದಾಯದ ಪಾಠ ಕಲಿತ. ಆಮೇಲೆ ಹಳೆಯ ಚೀನೀ ಚಿತ್ರಗಳ ನಕಲು ಮಾಡಿದ. ಕೊನೆಗೆ, ಆ ಚಿತ್ರಗಾರರು ವಸ್ತುವನ್ನು ನೋಡಿ ಬರೆದರು, ನಾನು ಅವರ ಚಿತ್ರವನ್ನು ನೋಡಿ ಬರೆಯುತ್ತಿದ್ದೇನೆ, ಒಂದು ಮೆಟ್ಟಿಲು ಹಿಂದೆ ಬಿದ್ದಿದ್ದೇನೆ ಎಂದುಕೊಂಡು, ಹಿತ್ತಲಿನಲ್ಲಿ ಹತ್ತಾರು ಕೋಳಿಗಳನ್ನು ಸಾಕಿ ಅವನ್ನು ವರ್ಷಗಟ್ಟಲೆ ನೋಡುತ್ತ ಕೂತ. ಅವನು ಬರೆದ ಹುಂಜಗಳನ್ನು ಕಂಡವರು ಅದನ್ನು ನಂಬುತ್ತಾರೆ.

ದೈತೆನ್ ದಾಖಲಿಸಿದ ಇನ್ನೊಂದು ಪ್ರಸಂಗವಿದೆ. ಒಮ್ಮೆ ಮಾರುಕಟ್ಟೆಯಲ್ಲಿ ಗುಬ್ಬಚ್ಚಿಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಜಾಕುಚು ಅವುಗಳಲ್ಲಿ ಹತ್ತಾರನ್ನು ಕೊಂಡು ತಂದು ಅಂಗಳದಲ್ಲಿ ಬಿಟ್ಟುಬಿಟ್ಟನಂತೆ. ಬೌದ್ಧನಾದವನಿಗೆ ಇದು ಪುಣ್ಯದ ಕೆಲಸ, ದೊಡ್ಡ ಮಾತೇನಲ್ಲ. ಆದರೆ ಅವನು ಮಂಡಿಯವನು. ತೂಗಿ, ಎಣಿಸಿ, ಮಾರುವ ಬೀದಿಯಲ್ಲಿ ಬೆಳೆದವನು. ಜೀವವಿರುವುದಕ್ಕೂ ಜೀವ ಹೋದದ್ದಕ್ಕೂ ನಡುವಿನ ಗೆರೆಯನ್ನು ದಿನವೂ ನೋಡಿದವನು. ಕರಿಯ ಹಾಳೆಗಳಲ್ಲಿ ಅವನ ಹಕ್ಕಿಗಳು ಎಲ್ಲಿಗೋ ಹಾರಲು ಕಾದಿರುವಂತೆ ಕೂತಿರುವುದನ್ನು ಕಂಡಾಗ ನನಗೆ ಈ ಗುಬ್ಬಚ್ಚಿಗಳು ನೆನಪಾಗುತ್ತವೆ.

ಅವನಿಗೆ ಹೆಸರು ತಂದದ್ದು ರೇಷ್ಮೆಯ ಮೇಲೆ ಬರೆದ ಮೂವತ್ತು ದೊಡ್ಡ ವರ್ಣಚಿತ್ರಗಳು. ಸುಮಾರು ೧೭೫೭ರಿಂದ ಹತ್ತು ವರ್ಷ ಅವುಗಳ ಮೇಲೆ ದುಡಿದು ಶೋಕೊಕುಜಿ ಮಠಕ್ಕೆ ಅರ್ಪಿಸಿದ. ಅವು ೧೮೮೯ರಲ್ಲಿ ಅರಮನೆಗೆ ಸೇರಿದುವು; ೨೦೨೧ರಲ್ಲಿ ಜಪಾನ್ ಸರ್ಕಾರ ಅವನ್ನು ರಾಷ್ಟ್ರೀಯ ನಿಧಿಯೆಂದು ಸಾರಿತು. ಅವುಗಳ ವೈಭವವನ್ನು ಬಣ್ಣಿಸಹೊರಟರೆ ಈ ಹೊತ್ತು ಸಾಲದು. ಒಂದು ಮಾತು ಸಾಕು. ಆ ಹತ್ತು ವರ್ಷ ಅವನು ಬಣ್ಣದ ಮೇಲೆ ಬಣ್ಣ ಹಚ್ಚಿದ. ರೇಷ್ಮೆಯ ಬೆನ್ನಿಗೂ ಬಣ್ಣ ಬಳಿದು ಮುಂದಿನ ಬಣ್ಣಕ್ಕೆ ಆಳ ತಂದ. ಅಷ್ಟೆಲ್ಲ ಮುಗಿದ ಕೂಡಲೆ ಬಣ್ಣವನ್ನು ಪೂರ್ತಿ ಕೈಬಿಟ್ಟು ಬರಿಯ ಮಸಿಗೆ, ಅದೂ ತಾನು ಹಚ್ಚದೆ ಬಿಟ್ಟ ಜಾಗಕ್ಕೆ, ತಿರುಗಿದ. ಇದು ಆಯಾಸವೆ? ವೈರಾಗ್ಯವೆ?

ಉತ್ತರ ಅವನ ಹೆಸರಿನಲ್ಲೇ ಇರಬಹುದು. ‘ಜಾಕುಚು’ ಅವನ ತಂದೆತಾಯಿ ಇಟ್ಟ ಹೆಸರಲ್ಲ. ಲಾವೋತ್ಸೆಯ ಗ್ರಂಥದ ಒಂದು ಮಾತಿನಿಂದ ಎತ್ತಿಕೊಂಡದ್ದು. ಬಹಳ ತುಂಬಿದ್ದು ಬರಿದಾದಂತೆ ಕಾಣುತ್ತದೆ ಎಂಬುದು ಆ ಮಾತಿನ ಭಾವ. ‘ಬರಿದಾದಂತೆ’ ಎಂಬಷ್ಟೇ ಅವನ ಹೆಸರು. ಆ ಹೆಸರಿನವನು ಪಡಿಯಚ್ಚಿಗೆ ಬಂದು ಸೇರದೆ ಇನ್ನೆಲ್ಲಿಗೆ ಹೋದಾನು? ಅಲ್ಲಿ ನೋಡಬೇಕಾದದ್ದೆಲ್ಲ ಬರಿದು. ಮಸಿ ಇರುವುದು ಅದರ ಸುತ್ತ.

೧೭೬೭ರ ವಸಂತದಲ್ಲಿ ಇಬ್ಬರು ಗೆಳೆಯರೂ ಫುಶಿಮಿಯಲ್ಲಿ ದೋಣಿ ಹತ್ತಿ ಯೊದೊ ನದಿಯಲ್ಲಿ ಒಸಾಕದವರೆಗೆ ತೇಲಿ ಹೋದರು. ಆ ಪ್ರಯಾಣದ ಫಲ ‘ಜೋಕ್ಯೊಶು’ ಎಂಬ ಸುರುಳಿ. ಹನ್ನೊಂದು ಮೀಟರಿಗೂ ಮಿಕ್ಕ ಉದ್ದ. ಎರಡೂ ದಡಗಳ ಹಳ್ಳಿ, ಮರ, ಸೇತುವೆ, ದೋಣಿಗಳನ್ನು ಜಾಕುಚು ಬರೆದ; ನಡುನಡುವೆ ದೈತೆನ್ ಚಿಕ್ಕ ಪದ್ಯಗಳನ್ನು ಸೇರಿಸಿದ. ಅಚ್ಚು ಪಡಿಯಚ್ಚಿನ ಕ್ರಮದಲ್ಲಿ. ಆಕಾಶ ಗಾಢ ಕಪ್ಪು, ನದಿ ಬೂದು, ದಡ ಬೆಳ್ಳಗೆ. ನೋಡಿದರೆ ಹಗಲೋ ಬೆಳದಿಂಗಳ ಇರುಳೋ ಹೇಳಲಾಗದು. ಕಲ್ಲಚ್ಚು ಅದುವರೆಗೆ ಕಪ್ಪು-ಬಿಳಿ ಎರಡನ್ನೇ ಬಲ್ಲದು; ನಡುವಿನ ಬೂದುಬಣ್ಣಗಳಿಂದ ಗಾಳಿ, ಮಂಜು, ದೂರ, ಇವನ್ನು ಹುಟ್ಟಿಸಬಹುದೆಂದು ತೋರಿಸಿದ್ದು ಈ ಸುರುಳಿ. ಮರುವರ್ಷ, ೧೭೬೮ರಲ್ಲಿ, ‘ಗೆನ್‌ಪೊ ಯೋಕ’ ಬಂತು. ದೇವತೆಗಳ ತೋಟದ ರತ್ನಪುಷ್ಪ ಎಂಬಂಥ ಹೆಸರು, ನಲವತ್ತೆಂಟು ಹಾಳೆ. ಹೆಸರು ದೇವಲೋಕದ್ದಾದರೂ ಹಾಳೆಗಳಲ್ಲಿರುವುದು ಮನೆಯ ಹಿತ್ತಲು. ಹೂಬಳ್ಳಿ, ಬದನೆ, ಜೋಳ, ಅವುಗಳ ಎಲೆಯಲ್ಲಿ ಹುಳು ತಿಂದ ತೂತು, ಪಕ್ಕದಲ್ಲೇ ತಿಂದ ಹುಳು. ಮಂಡಿಯವನ ಕಣ್ಣು ಹುಳುಕನ್ನು ಬಿಟ್ಟೀತೆ? ಆದರೆ ಮಂಡಿಯಲ್ಲಿ ಹುಳುಕೆಂದು ಪಕ್ಕಕ್ಕೆ ಎಸೆಯುವುದನ್ನು ಇಲ್ಲಿ ಚಿತ್ರದ ನಡುವಿಗೆ ತಂದು ಇಟ್ಟಿದ್ದಾನೆ.

ಆಮೇಲೆ ಹಕ್ಕಿಗಳು ಬಂದುವು. ೧೭೭೧. ಆರು ಹಾಳೆಗಳು. ಕಮೀಲಿಯ ಹೂವಿನ ಜೊತೆ ಬಿಳಿದಲೆಯ ಹಕ್ಕಿ. ಹಿಮ ಹೊತ್ತ ಬಿದಿರಿನ ಬಳಿ ಹೊನ್ನಿನ ಬಣ್ಣದ ಫೆಸೆಂಟ್ ಕೋಳಿ. ಗುಲಾಬಿಯ ಜೊತೆ ಒಂದು ಗಿಳಿ, ಓಕ್ ಕೊಂಬೆಯಲ್ಲಿ ಇನ್ನೊಂದು. ‘ಸಕ್ಕರೆ ಹಕ್ಕಿ’ ಎಂದು ಕರೆಯುವ ಪುಟಾಣಿ ಗಿಳಿ. ಮತ್ತೆ ಆ ಬಿಳಿಯ ಕಾಕಟೂ. ಇವುಗಳಲ್ಲಿ ಗಿಳಿಗಳು ಜಪಾನಿನವಲ್ಲ. ದೇಶಕ್ಕೆ ಬಾಗಿಲು ಹಾಕಿಕೊಂಡಿದ್ದ ಕಾಲ ಅದು. ನಾಗಸಾಕಿಯ ಬಂದರಿನಲ್ಲಿ ಚೀನೀಯರಿಗೂ ಡಚ್ಚರಿಗೂ ಮಾತ್ರ ವ್ಯಾಪಾರಕ್ಕೆ ಅವಕಾಶ. ಕಾಕಟೂವಿನಂಥ ಹಕ್ಕಿಗಳು ದಕ್ಷಿಣದ ದ್ವೀಪಗಳಿಂದ ಆ ಹಡಗುಗಳಲ್ಲಿ ಬಂದು ಶ್ರೀಮಂತರ ಮನೆ, ಜಾತ್ರೆಯ ಡೇರೆಗಳನ್ನು ಸೇರುತ್ತಿದ್ದುವು. ಸಕ್ಕರೆ ಹಕ್ಕಿ ಎಂಬ ಹೆಸರು ಇಂದಿನ ಜಪಾನೀ ಭಾಷೆಯಲ್ಲಿ ಸಲ್ಲುವುದು ಬಾವಲಿಯ ಹಾಗೆ ತಲೆಕೆಳಗಾಗಿ ಜೋತುಕೊಂಡು ನಿದ್ರಿಸುವ ಒಂದು ಗಿಳಿಗೆ. ಅದರ ಹತ್ತಿರದ ದಾಯಾದಿ ನಮ್ಮ ಮಲೆನಾಡಿನ ಕಾಡುಗಳಲ್ಲಿಯೂ ಇದೆ. ಹಸುರೆಲೆಯ ನಡುವೆ ಹಸುರಾಗಿ ಜೋತುಬಿದ್ದಿರುವ ಅದನ್ನು ಕಾಣಲು ಬಹಳ ತಾಳ್ಮೆ ಬೇಕು.

ಕಪ್ಪು ನೆಲ ಪಡಿಯಚ್ಚಿನ ರೀತಿಯದು. ಆದರೆ ಇಲ್ಲಿ ಬಣ್ಣ ಮರಳಿ ಬಂದಿದೆ. ಅದು ಬಂದ ಬಗೆ ಕುತೂಹಲದ್ದು. ಎದೊದಲ್ಲಿ ೧೭೬೫ರ ಹೊತ್ತಿಗೆ ಸುಜುಕಿ ಹರುನೊಬು ಮೊದಲಾದವರು ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಕೊರೆದು ಬಹುವರ್ಣದ ಚಿತ್ರಗಳನ್ನು ಹೊರತಂದಿದ್ದರು. ಅವಕ್ಕೆ ‘ನಿಶಿಕಿ-ಎ’, ಜರತಾರಿ ಚಿತ್ರ ಎಂದೇ ಹೆಸರು. ಜರತಾರಿ ಬೀದಿಯ ಜಾಕುಚು ಮಾತ್ರ ಆ ದಾರಿ ಹಿಡಿಯಲಿಲ್ಲ. ಕ್ಯೋತೊ, ಒಸಾಕಗಳಲ್ಲಿ ರೂಢಿಯಲ್ಲಿದ್ದ ‘ಕಪ್ಪಾಜುರಿ’ ಎಂಬ ಸರಳ ವಿಧಾನವನ್ನು ಎತ್ತಿಕೊಂಡ. ಕಪ್ಪಾ ಎಂದರೆ ಮಳೆಯಂಗಿ. ಪೋರ್ಚುಗೀಸರಿಂದ ಬಂದ ಶಬ್ದ. ಮಳೆಯಂಗಿಗೆ ಬಳಸುತ್ತಿದ್ದಂಥ, ನೀರು ಹೀರದಂತೆ ಹದ ಮಾಡಿದ ಗಟ್ಟಿ ಕಾಗದದಲ್ಲಿ ಬೇಕಾದ ಆಕಾರದ ಕಿಂಡಿ ಕತ್ತರಿಸಿ, ಚಿತ್ರದ ಮೇಲಿಟ್ಟು, ಕಿಂಡಿಯ ಮೂಲಕ ಬ್ರಷ್ಷಿನಿಂದ ಬಣ್ಣ ಹಚ್ಚುವುದು. ನಮ್ಮಲ್ಲಿ ಗೋಣಿಚೀಲಗಳ ಮೇಲೆ ವ್ಯಾಪಾರಿಯ ಹೆಸರು ಬರೆಯುವ ಸ್ಟೆನ್ಸಿಲ್ ಇದೆಯಲ್ಲ, ಅದೇ. ಮಸಿ ಬಿಟ್ಟುಕೊಟ್ಟ ಬರಿದಿನೊಳಗೆ ಹೀಗೆ ಕೆಂಪು, ಹಸಿರು, ಹಳದಿಗಳು ಇಳಿದುವು. ಕಪ್ಪಿನ ಅಂಚಿಗೆ ತಗುಲಿ ನಿಂತ ಆ ಬಣ್ಣಗಳು ಇರುಳಿನಲ್ಲಿ ದೀಪ ಹಿಡಿದು ನೋಡಿದ ಹಾಗೆ ಕಾಣುತ್ತವೆ.

ಆರರಲ್ಲಿ ನನಗೆ ಹೆಚ್ಚೆನಿಸುವುದು, ಬಣ್ಣ ಬಹುತೇಕ ಒಲ್ಲದ ಆ ಕಾಕಟೂ. ಫೆಸೆಂಟ್ ಕೋಳಿಯ ಹಾಳೆ ಹೆಚ್ಚು ಬೆಡಗಿನದು ಎಂಬುದನ್ನು ಒಪ್ಪುತ್ತೇನೆ. ಆದರೆ ಕಾಕಟೂವಿನ ಚಿತ್ರದಲ್ಲಿ ಚಿತ್ರಗಾರ ಮಾಡಿದ್ದೆಲ್ಲ ಹಕ್ಕಿಯ ಹೊರಗಡೆಯ ಕೆಲಸ. ಹಕ್ಕಿಯಿರುವ ಕಡೆ ಕೈ ತಡೆದು ನಿಂತಿದ್ದಾನೆ. ನಮ್ಮ ಹಿರಿಯರ ಕಡತಗಳಲ್ಲಿಯೂ ಕಪ್ಪಿನ ಮೇಲೆ ಬಿಳಿಯೇ; ಆದರೆ ಅಲ್ಲಿ ಹುಣಿಸೆಬೀಜದ ಸರಿ, ಇದ್ದಲಿಪುಡಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಾರೆ, ಬಿಳುಪನ್ನು ಹೊರಗಿನಿಂದ ತರುತ್ತಾರೆ. ಇಲ್ಲಿ ಯಾರೂ ತರುವುದಿಲ್ಲ. ಅದು ಮೊದಲಿನಿಂದ ಇದ್ದದ್ದೇ.

ಈಗ ಅದೇ ೧೭೭೧ನೆಯ ವರ್ಷದ ಇನ್ನೊಂದು ಮುಖ. ಬಹುಕಾಲದವರೆಗೆ ಜಾಕುಚುವನ್ನು ಲೋಕದ ಗೊಡವೆ ಬಿಟ್ಟ ವಿಲಕ್ಷಣ ಪುರುಷನೆಂದೇ ಬಣ್ಣಿಸುತ್ತಿದ್ದರು. ತ್ಸುಜಿ ನೊಬುವೊ ಎಂಬ ವಿದ್ವಾಂಸರು ೧೯೭೦ರಲ್ಲಿ ವಿಲಕ್ಷಣ ಚಿತ್ರಗಾರರ ಪರಂಪರೆಯ ಮೇಲೆ ಬರೆದ ಪ್ರಸಿದ್ಧ ಗ್ರಂಥ ಅವನನ್ನು ಮರವೆಯಿಂದ ಎತ್ತಿತು. ಜೊತೆಗೆ ಆ ವಿಶೇಷಣವನ್ನೂ ಗಟ್ಟಿ ಮಾಡಿತು. ಆದರೆ ನಿಶಿಕಿ ಮಾರುಕಟ್ಟೆಯ ದಾಖಲೆಗಳನ್ನು ಇತ್ತೀಚಿನ ದಶಕಗಳಲ್ಲಿ ಓದಿದವರಿಗೆ ಬೇರೊಬ್ಬ ಮನುಷ್ಯ ಕಂಡ. ಹಳೆಯ ಪಂಚಾಂಗದ ಪ್ರಕಾರ ಆ ವರ್ಷದ ಕೊನೆಯ ತಿಂಗಳಲ್ಲಿ ನಿಶಿಕಿ ಮಾರುಕಟ್ಟೆಗೆ ಕುತ್ತು ಬಂತು. ಗೊಜೊ ಬೀದಿಯ ಎದುರಾಳಿ ವ್ಯಾಪಾರಿಗಳು ಅಧಿಕಾರಿಗಳ ಮುಂದೆ ಹೋಗಿ ಇವರಿಗೆ ಮಾರುವ ಹಕ್ಕೇ ಇಲ್ಲವೆಂದು ತಕರಾರು ತೆಗೆದರು. ವ್ಯಾಪಾರ ನಿಂತಿತು. ಆಗ ಬೀದಿಯ ಹಿರಿಯನ ಹೊಣೆ ಹೊತ್ತಿದ್ದವನು ಜಾಕುಚು. ಪಂಗಡ ಒಡೆಯುವ ಉಪಾಯವೂ ನಡೆಯಿತು: ನಿನ್ನ ಬೀದಿಯೊಂದಕ್ಕೆ ಅನುಮತಿ ಸಿಗುವಂತೆ ಮಾಡುತ್ತೇವೆ, ನೆರೆಯ ಬೀದಿಗಳ ಮಾತು ಬಿಡು ಎಂಬ ಪ್ರಸ್ತಾಪ ಬಂತು. ಅವನು ಒಪ್ಪಲಿಲ್ಲ. ಮನವಿಗಳನ್ನು ಬರೆಯಿಸಿದ, ತರಕಾರಿ ಬೆಳೆಯುವ ಹಳ್ಳಿಗಳ ರೈತರಿಂದಲೂ ಅಹವಾಲು ಕೊಡಿಸಿದ, ಕಚೇರಿಗಳ ಹೊಸ್ತಿಲು ತೇಯ್ದ. ಅಂತೂ ೧೭೭೪ರಲ್ಲಿ, ವರ್ಷವರ್ಷವೂ ಬೆಳ್ಳಿಯ ತೆರಿಗೆ ಸಲ್ಲಿಸುವ ಒಪ್ಪಂದದ ಮೇಲೆ, ಮಾರುಕಟ್ಟೆ ಮತ್ತೆ ತೆರೆಯಿತು.

ಓದುಬರಹದಲ್ಲಿ ಆಸಕ್ತಿಯಿಲ್ಲ, ಚಿತ್ರವೊಂದೇ ಎಂದು ದೈತೆನ್ ಹೇಳಿದ ಮನುಷ್ಯ ಮೂರು ವರ್ಷ ಅರ್ಜಿ ಹಿಡಿದು ಓಡಾಡಿದ! ಆ ವರ್ಷಗಳ ತಾರೀಖುಳ್ಳ ಚಿತ್ರಗಳು ವಿರಳ. ಹಕ್ಕಿಗಳ ಮುಂದೆ ಕೂರಬೇಕಾದ ಕಾಲವನ್ನು ಅವನು ಮೂಲಂಗಿ, ಕುಂಬಳಕಾಯಿಗಳ ಹಕ್ಕಿಗಾಗಿ ಕೊಟ್ಟುಬಿಟ್ಟ. ಕಲೆಗೆ ಇದು ನಷ್ಟ ಎಂದು ಮೊದಲು ನನಗೂ ಅನಿಸಿತು. ಈಗ ಹಾಗೆ ಅನಿಸುವುದಿಲ್ಲ. ಮಂಡಿಯನ್ನು ಬಿಟ್ಟುಬಂದವನು ಎಂದು ನಾವು ತಿಳಿದಿದ್ದೆವು. ಅವನು ಬಿಟ್ಟದ್ದು ಗಲ್ಲಾಪೆಟ್ಟಿಗೆಯನ್ನು ಮಾತ್ರ. ಬುದ್ಧನ ಮಹಾಪರಿನಿರ್ವಾಣದ ಚಿತ್ರವನ್ನೂ ಅವನು ತರಕಾರಿಯಲ್ಲೇ ಬರೆದಿದ್ದಾನೆ: ಬುಟ್ಟಿಯ ಮೇಲೆ ಮಲಗಿದ ದೊಡ್ಡ ಮೂಲಂಗಿಯೇ ಬುದ್ಧ, ಸುತ್ತ ಅಳುತ್ತ ನಿಂತ ಕಾಯಿಪಲ್ಯಗಳೇ ಶಿಷ್ಯರು. ನಗು ಬರುತ್ತದೆ, ನಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕಾಗುತ್ತದೆ.

ಉಳಿದ ಕತೆ ಚಿಕ್ಕದು. ೧೭೮೮ರ ಮಹಾ ಬೆಂಕಿಯಲ್ಲಿ ಕ್ಯೋತೊದ ಬಹುಭಾಗದೊಡನೆ ಅವನ ಮನೆಯೂ ಸುಟ್ಟಿತು. ಮುದಿವಯಸ್ಸಿನಲ್ಲಿ ಒಂದು ಅಳತೆ ಅಕ್ಕಿಗೆ ಒಂದು ಚಿತ್ರ ಬರೆದುಕೊಡುತ್ತಿದ್ದ. ಸಹಿಯಲ್ಲಿಯೂ ‘ಅಕ್ಕಿಯ ಕೊಳಗದ ಮುದುಕ’ ಎಂಬರ್ಥದ ಹೆಸರು ಹಾಕಿಕೊಂಡ. ಊರ ದಕ್ಷಿಣದ ಸೆಕಿಹೋಜಿ ಮಠದ ಬಳಿ ನೆಲಸಿ, ಬುದ್ಧನ ಐನೂರು ಶಿಷ್ಯರ ಶಿಲಾಮೂರ್ತಿಗಳ ನಕ್ಷೆ ಬರೆದುಕೊಟ್ಟ. ಕಲ್ಲುಕುಟಿಗರು ಅವನ್ನು ಕಡೆದು ಬಿದಿರಮೆಳೆಯ ನಡುವೆ ನಿಲ್ಲಿಸಿದರು. ಮರವನ್ನು ಕಲ್ಲೆಂದು ತೋರಿಸಿದವನು ಕೊನೆಗೆ ನಿಜವಾದ ಕಲ್ಲಿಗೇ ಬಂದಿದ್ದ. ೧೮೦೦ರಲ್ಲಿ ತೀರಿಕೊಂಡ. ೨೦೧೬ರಲ್ಲಿ, ಅವನು ಹುಟ್ಟಿದ ಮುನ್ನೂರನೆಯ ವರ್ಷ, ತೋಕಿಯೊದಲ್ಲಿ ಮೂವತ್ತೊಂದು ದಿನ ನಡೆದ ಪ್ರದರ್ಶನಕ್ಕೆ ನಾಲ್ಕು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಬಂದರು; ಕೆಲವು ದಿನ ಸಾಲಿನಲ್ಲಿ ಐದು ಗಂಟೆಗೂ ಮೇಲೆ ಕಾಯಬೇಕಾಯಿತಂತೆ. ಶಾಸ್ತ್ರಗ್ರಂಥಗಳ ಕಲ್ಲುಗಳ ಮುಂದೆ ನಿಂತ ಲುವೊಯಾಂಗಿನ ಗಾಡಿಗಳು ನನಗೆ ನೆನಪಾದುವು.

ಹಕ್ಕಿಗಳ ಆರೂ ಹಾಳೆಗಳ ಕಟ್ಟೊಂದು ಜಪಾನಿನ ಹಿರಾಕಿ ಸಂಗ್ರಹದಲ್ಲಿ ಉಳಿದಿದೆ. ಲೋಕದಲ್ಲಿ ಹೆಚ್ಚಾಗಿ ಹರಡಿರುವುದು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಮತ್ತೆ ಹಲಗೆ ಕೊರೆದು ಮಾಮೂಲು ಕ್ರಮದಲ್ಲಿ ಅಚ್ಚು ಹಾಕಿದ ಪ್ರತಿಗಳು. ಗೆಳೆಯರ ಗೋಡೆಯ ಮೇಲಿದ್ದದ್ದು ಅಂಥದೇ. ಅಂದು ಅವರು ಚೌಕಟ್ಟನ್ನು ಬಿಚ್ಚಿ ಹಾಳೆಯ ಬೆನ್ನನ್ನು ನನಗೆ ತೋರಿಸಿದರು. ಮುಖದ ಕಪ್ಪು ಬೆನ್ನಿಗೂ ಇಳಿದಿತ್ತು. ಬಾರೆನ್ ಉಜ್ಜಿದ ಸುತ್ತುಸುತ್ತಿನ ಗುರುತು ಅಲ್ಲಿ ತೆಳ್ಳಗೆ ಕಾಣುತ್ತಿತ್ತು. ಪಡಿಯಚ್ಚಾದರೆ ಮಸಿ ಮುಖದ ಮೇಲೆಯೇ ನಿಂತಿರುತ್ತದೆ, ಬೆನ್ನು ಬೆಳ್ಳಗಿರುತ್ತದೆ. ನಮ್ಮೂರ ಕೆರೆಯೇರಿಯ ಶಾಸನದ ಹಾಳೆಯ ಬೆನ್ನು ಹಾಗೆಯೇ ಇತ್ತೆಂಬುದು ಆಗ ನೆನಪಾಯಿತು.

‘ನಕಲಿನ 
ನಕಲು. ಗೋಡೆಯಿಂದ ತೆಗೆದೇಬಿಡಲೆ, ಹೇಳಿ’ ಎಂದರು ಗೆಳೆಯರು, ಅರ್ಧ ತಮಾಷೆಗೆ.

ನಾನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು ಬೆಳಕನ್ನು ಪೂರ್ತಿ ತಡೆಯಿತು. ಕಾಕಟೂವಿನ ಮೈಯಲ್ಲಿ ಮಾತ್ರ ಬೆಳಕು ಈಚೆಗೆ ಬಂತು. ಕಾಗದದ ನಾರುಗಳು ಗರಿಗಳ ನಡುವೆ ಗರಿಗಳ ಹಾಗೆಯೇ ಕಂಡುವು. ‘ಇರಲಿ’ ಎಂದೆ. ಅವರು ಅದನ್ನು ಮತ್ತೆ ಚೌಕಟ್ಟಿಗೆ ಸೇರಿಸಿ, ಅದೇ ಮೊಳೆಗೆ ತೂಗುಹಾಕಿದರು.